ಮೊದಲ ದಿನದ ಮುಜುಗರ ಬಿಡಿಸೋಕೆ ಯಾವ ಚೆಂಡಾಟ ಆಡಿಸಬೇಕು?

ಎನ್‌ಎಸ್‌ಎಸ್ ಶಿಬಿರ ಇರಲಿ, ಯುವಕ ಸಂಘದ ಬೇಸಿಗೆ ಕ್ಯಾಂಪ್ ಇರಲಿ, ಕಾಲೇಜಿನ ಮೊದಲ ವಾರ ಇರಲಿ, ಮೊದಲ ಗಂಟೆ ಸಾಮಾನ್ಯವಾಗಿ ಹೀಗೇ ಇರುತ್ತದೆ. ಒಂದೇ ಊರಿನವರು ಒಂದು ಕಡೆ ಗುಂಪು ಕಟ್ಟಿಕೊಂಡು ನಿಂತಿರುತ್ತಾರೆ. ಹುಡುಗರು ಈ ಗೋಡೆಗೆ, ಹುಡುಗಿಯರು ಆ ಗೋಡೆಗೆ. ಒಬ್ಬರೇ ಬಂದವರು ಮೊಬೈಲ್ ನೋಡುತ್ತಿರುತ್ತಾರೆ. ಆಗ ಸಂಘಟಕರಲ್ಲಿ ಯಾರೋ ಒಬ್ಬರು "ಏನಾದ್ರೂ ಆಟ ಆಡ್ಸಿಬಿಡೋಣ" ಅನ್ನುತ್ತಾರೆ. ಸ್ಟೋರ್ ರೂಮಿನಿಂದ ಚೆಂಡು ಬರುತ್ತದೆ. ಯಾವ ಆಟ ಅಂತ ಮಾತ್ರ ಯಾರೂ ಯೋಚಿಸಿರುವುದಿಲ್ಲ.

ಚೆಂಡಿದ್ದರೆ ಸಾಕು, ಮುಜುಗರ ತಾನಾಗೇ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಕೆಲವು ಆಟಗಳು ಮುಜುಗರವನ್ನು ಇನ್ನೂ ಹೆಚ್ಚಿಸುತ್ತವೆ. ಆಟ ಆರಿಸುವಾಗ ನಾನು ನೋಡುವುದು ಒಂದನ್ನೇ. ಗುಂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ಹಿಂಜರಿಯುವವರು ಯಾರೋ, ಅವರ ಕೈಗೆ ಹತ್ತು ನಿಮಿಷದಲ್ಲಿ ಚೆಂಡು ಎಷ್ಟು ಸಲ ಬರುತ್ತದೆ? ಬಂದಾಗ ಎಲ್ಲರ ಕಣ್ಣೂ ಅವರ ಮೇಲೆ ನೆಟ್ಟಿರುತ್ತದಾ ಅಥವಾ ಅಷ್ಟರಲ್ಲಿ ಆಟ ಮುಂದೆ ಹೋಗಿರುತ್ತದಾ? ಚೆಂಡು ಜಾಸ್ತಿ ಸಲ ಬರಬೇಕು, ಪ್ರತಿ ಸಲವೂ ಸ್ವಲ್ಪ ಹೊತ್ತು ಮಾತ್ರ ಕೈಯಲ್ಲಿರಬೇಕು. ಈ ಅಳತೆ ಇಟ್ಟುಕೊಂಡು ನೋಡಿದರೆ ನಮ್ಮಲ್ಲಿ ತುಂಬಾ ಚಾಲ್ತಿಯಲ್ಲಿರುವ ಆಟಗಳೇ ಕೆಳಗೆ ಇಳಿಯುತ್ತವೆ.

ಹೆಸರು ಕೂಗಿ ಎಸೆಯುವ ಆಟ

ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಗುಂಪಾದರೆ ಇಲ್ಲಿಂದಲೇ ಶುರು ಮಾಡಿ. ಎಲ್ಲರೂ ವೃತ್ತದಲ್ಲಿ ನಿಲ್ಲಬೇಕು. ಮೊದಲ ಸುತ್ತಿನಲ್ಲಿ ಚೆಂಡು ಬಂದವರು ತಮ್ಮ ಹೆಸರು ಹೇಳಿ ಇನ್ನೊಬ್ಬರಿಗೆ ಎಸೆಯುತ್ತಾರೆ. ಎರಡನೇ ಸುತ್ತಿನಿಂದ ಯಾರಿಗೆ ಎಸೆಯುತ್ತೀರೋ ಅವರ ಹೆಸರು ಕೂಗಿ ಎಸೆಯಬೇಕು. ಹೆಸರು ಮರೆತರೆ ಕೇಳಬಹುದು. ಕೇಳಿದರೆ ತಪ್ಪಿಲ್ಲ ಅಂತ ಮೊದಲೇ ಹೇಳಿಬಿಡಿ, ಯಾಕೆಂದರೆ "ನಿನ್ನ ಹೆಸರೇನಂದೆ?" ಅಂತ ಎರಡನೇ ಸಲ ಕೇಳುವುದಕ್ಕೇ ನಮ್ಮ ಹುಡುಗರು ನಾಚಿಕೊಳ್ಳುತ್ತಾರೆ.

ಈ ಆಟ ಕೆಡುವುದು ಒಂದೇ ಕಾರಣಕ್ಕೆ, ವೃತ್ತ ತೀರಾ ದೊಡ್ಡದಾಗುವುದು. ಲೆಕ್ಕ ಹಾಕಿ ನೋಡಿ. ಒಂದು ಎಸೆತಕ್ಕೆ ಸುಮಾರು 4 ಸೆಕೆಂಡ್ ಹಿಡಿದರೆ ಹತ್ತು ನಿಮಿಷಕ್ಕೆ 150 ಎಸೆತ. ಮೂವತ್ತು ಜನರ ಒಂದೇ ವೃತ್ತದಲ್ಲಿ ಒಬ್ಬೊಬ್ಬರಿಗೆ ಚೆಂಡು ಸಿಗುವುದು 5 ಸಲ. ಅದೇ ಮೂವತ್ತು ಜನರನ್ನು ಹತ್ತು ಹತ್ತು ಜನರ ಮೂರು ವೃತ್ತ ಮಾಡಿ ಮೂರು ಚೆಂಡು ಕೊಟ್ಟರೆ 15 ಸಲ. ಇನ್ನೊಂದು ಲಾಭ, ಹತ್ತು ಹೆಸರು ನೆನಪಿರುತ್ತದೆ, ಮೂವತ್ತು ಹೆಸರು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪ್ರತಿ ವೃತ್ತದಿಂದ ಐದೈದು ಜನರನ್ನು ಬದಲಾಯಿಸಿ. ಹಳಬರು ಹೊಸಬರಿಗೆ ಹೆಸರು ಹೇಳಿಕೊಡುತ್ತಾರೆ, ಮಾತು ಅಲ್ಲೇ ಶುರುವಾಗುತ್ತದೆ.

ನಮ್ಮ ಕಡೆ ಇನ್ನೊಂದು ತಾಪತ್ರಯ ಇದೆ. ಯಾವ ಗುಂಪಿನಲ್ಲಿ ನೋಡಿದರೂ ಇಬ್ಬರು ಮಂಜುನಾಥ, ಮೂವರು ಪೂಜಾ ಇದ್ದೇ ಇರುತ್ತಾರೆ. ಅವರನ್ನು "ಪೂಜಾ ಕೆ., ಪೂಜಾ ಎಸ್." ಅಂತ ಹಾಜರಿ ಪುಸ್ತಕದ ಥರ ಕರೆಯಬೇಡಿ. ಎಲ್ಲರೂ ಹೆಸರಿನ ಜೊತೆ ಇಷ್ಟದ ತಿಂಡಿ ಸೇರಿಸಿಕೊಳ್ಳಲಿ. ರೊಟ್ಟಿ ಮಂಜು, ಮುದ್ದೆ ಮಂಜು, ನೀರ್‌ದೋಸೆ ಪೂಜಾ. ವಿಜಯಪುರದವರು, ಮಂಡ್ಯದವರು, ಉಡುಪಿಯವರು ಒಂದೇ ಶಿಬಿರದಲ್ಲಿದ್ದರೆ ಯಾವ ಕಡೆಯವರು ಅಂತ ಯಾರೂ ಕೇಳಬೇಕಾಗಿಲ್ಲ. ಎನ್‌ಎಸ್‌ಎಸ್‌ನ ವಿಶೇಷ ಶಿಬಿರ ಏಳು ದಿನ ನಡೆಯುತ್ತದೆ ಅಲ್ವಾ, ಮೊದಲ ದಿನ ಅಂಟಿದ ಇಂಥ ಹೆಸರು ಏಳನೇ ದಿನದ ತನಕ ಆರಾಮಾಗಿ ನಡೆಯುತ್ತದೆ. ಒಂದು ಷರತ್ತು, ಹೆಸರು ಅವರವರೇ ಇಟ್ಟುಕೊಳ್ಳಬೇಕು. ಪಕ್ಕದವರು ಇಡುವುದಕ್ಕೆ ಬಿಟ್ಟರೆ ಸಣಕಲಿಗೆ ಬೇಕೆಂದೇ ಒಂದು ಹೆಸರು, ದಪ್ಪಗಿರುವವರಿಗೆ ಇನ್ನೊಂದು ಹೆಸರು ಬೀಳುತ್ತದೆ.

ಹೆಸರು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಇದೇ ಆಟವನ್ನು ಒಂದು ಹೆಜ್ಜೆ ಮುಂದೆ ಒಯ್ಯಬಹುದು. ಎಸೆತದ ಸರದಿಯನ್ನು ಗಟ್ಟಿ ಮಾಡಿ. ಅಂದರೆ ನನಗೆ ಯಾವಾಗಲೂ ಶ್ವೇತಾಳಿಂದಲೇ ಚೆಂಡು ಬರುತ್ತದೆ, ನಾನು ಯಾವಾಗಲೂ ಇರ್ಫಾನ್‌ಗೇ ಎಸೆಯುತ್ತೇನೆ. ಸರದಿ ಒಂದು ಸಲ ಸರಾಗವಾಗಿ ಸುತ್ತಿದ ಮೇಲೆ ಆಡಿಸುವವರು ಎರಡನೇ ಚೆಂಡು ಬಿಡಬೇಕು. ಆಮೇಲೆ ಮೂರನೆಯದು, ನಾಲ್ಕನೆಯದು. ಈಗ ಎಲ್ಲರೂ ಒಟ್ಟಿಗೆ ಹೆಸರು ಕೂಗುತ್ತಿರುತ್ತಾರೆ, ಎರಡು ಚೆಂಡು ಗಾಳಿಯಲ್ಲೇ ಡಿಕ್ಕಿ ಹೊಡೆಯುತ್ತವೆ, ಒಂದು ಯಾರದೋ ಭುಜಕ್ಕೆ ತಗುಲಿ ಚಪ್ಪಲಿ ರಾಶಿಯೊಳಗೆ ಹೋಗುತ್ತದೆ. ಕ್ಯಾಚ್ ಬಿಟ್ಟವರು ಯಾರು ಅಂತ ನೋಡುವುದಕ್ಕೂ ಯಾರಿಗೂ ಪುರಸೊತ್ತಿಲ್ಲ. ಹಿಂಜರಿಯುವವರಿಗೆ ಬೇಕಾಗಿರುವುದೇ ಇದು. ಎಲ್ಲರ ಕೈಯಲ್ಲೂ ಕೆಲಸ ಇರುವಾಗ ಒಬ್ಬರನ್ನು ದಿಟ್ಟಿಸುವವರು ಇರುವುದಿಲ್ಲ.

ಇನ್ನೂ ಟೈಮ್ ಇದ್ದರೆ ಒಂದೇ ಚೆಂಡು ಇಟ್ಟುಕೊಂಡು ಸ್ಟಾಪ್‌ವಾಚ್ ಒತ್ತಿ. ಅದೇ ಸರದಿಯಲ್ಲಿ ಚೆಂಡು ಎಲ್ಲರ ಕೈ ಮುಟ್ಟಬೇಕು, ಎಷ್ಟು ಬೇಗ ಆಗುತ್ತೆ ನೋಡೋಣ ಅನ್ನಿ. ಮೊದಲು ಜೋರಾಗಿ ಎಸೆದು ನೋಡುತ್ತಾರೆ, ಚೆಂಡು ಬೀಳುತ್ತದೆ. ಆಮೇಲೆ ವೃತ್ತ ಚಿಕ್ಕದು ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಯಾರಿಗೋ "ಸರದಿ ಪ್ರಕಾರ ಪಕ್ಕಪಕ್ಕ ನಿಂತ್ರೆ ಆಗಲ್ವಾ?" ಅಂತ ಹೊಳೆಯುತ್ತದೆ. ಆಗುತ್ತದೆ. ನಿಯಮದಲ್ಲಿ ಬೇಡ ಅಂತ ಎಲ್ಲೂ ಇಲ್ಲ. ಆದರೆ ಆಡಿಸುವವರು ಬಾಯಿ ಮುಚ್ಚಿಕೊಂಡಿರಬೇಕು, ಉಪಾಯ ಅವರಿಂದಲೇ ಬರಲಿ. ಈ ಬಗೆಯ ಆಟಗಳನ್ನು ಜಗತ್ತಿನ ತುಂಬಾ ಹರಡಿದವರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1971ರಲ್ಲಿ ಶುರುವಾದ 'ಪ್ರಾಜೆಕ್ಟ್ ಅಡ್ವೆಂಚರ್' ಮುಖ್ಯವಾದದ್ದು. ಬೆಂಗಳೂರಿನ ಕಂಪನಿಗಳ ತರಬೇತಿಯಲ್ಲಿ ದುಬಾರಿ ಫೀಸಿಗೆ ಆಡಿಸುವುದೂ ಹೆಚ್ಚುಕಮ್ಮಿ ಇದನ್ನೇ. ನಿಮಗೆ ಬೇಕಾದದ್ದು ನಾಲ್ಕು ಚೆಂಡು ಅಷ್ಟೇ.

ಹಾಡು ನಿಂತಾಗ ಚೆಂಡು ಯಾರ ಕೈಯಲ್ಲಿ?

ನಮ್ಮಲ್ಲಿ ಎಲ್ಲರಿಗಿಂತ ಮೊದಲು ನೆನಪಾಗುವುದು ಈ ಆಟವೇ. ಹಾಡು ಹಾಕು, ಚೆಂಡು ದಾಟಿಸು, ಹಾಡು ನಿಂತಾಗ ಚೆಂಡು ಯಾರ ಕೈಯಲ್ಲಿದೆಯೋ ಅವರಿಗೆ "ಶಿಕ್ಷೆ". ಹಾಡಬೇಕು, ಕುಣಿಯಬೇಕು, ಇಲ್ಲ ಅಂದರೆ ಕೋಳಿ ಥರ ಕೂಗಬೇಕು. ಆಮೇಲೆ ಔಟ್.

ಪರಿಚಯದ ಆಟ ಅಂತ ಇದನ್ನು ಆಡಿಸುವುದು ನನಗೆ ಒಪ್ಪಿಗೆ ಇಲ್ಲ. ಮೊದಲ ಕಾರಣ, ಚೆಂಡು ಕೈಬಿಟ್ಟು ಹೋದರೆ ಸಾಕಪ್ಪಾ ಅಂತ ಎಲ್ಲರೂ ಅದನ್ನು ದೂರ ತಳ್ಳುತ್ತಾರೆ. ಪಕ್ಕದವರ ಮುಖ ಕೂಡ ನೋಡುವುದಿಲ್ಲ. ಎರಡನೆಯದು, ಮೊದಲು ಔಟ್ ಆದವರು ಕೊನೆಯ ತನಕ ಸುಮ್ನೆ ಕೂರಬೇಕು. ಮೂವತ್ತು ಜನರ ಆಟದಲ್ಲಿ ಇಪ್ಪತ್ತೊಂಬತ್ತು ಜನ ಒಬ್ಬೊಬ್ಬರಾಗಿ ಪ್ರೇಕ್ಷಕರಾಗುತ್ತಾರೆ. ಮೂರನೆಯದು ಶಿಕ್ಷೆ. ಹುಡುಗರಿಗೆ ಪುಷ್‌ಅಪ್, ಹುಡುಗಿಯರಿಗೆ ಡಾನ್ಸ್ ಅಂತ ಯಾರೋ ಕೂಗುತ್ತಾರೆ, ಅಷ್ಟರಲ್ಲಿ ಹತ್ತು ಮೊಬೈಲ್ ಮೇಲೆದ್ದಿರುತ್ತವೆ. ಮಾತಾಡುವುದಕ್ಕೇ ಹೆದರುವ ಹುಡುಗಿ ಪರಿಚಯವೇ ಇಲ್ಲದ ಮೂವತ್ತು ಜನರ ಮುಂದೆ ಕುಣಿಯಬೇಕು, ಅದು ವೀಡಿಯೊ ಆಗಿ ವಾಟ್ಸಾಪಿಗೆ ಹೋಗುತ್ತದೆ. ಮಾರನೇ ದಿನ ಅವಳು ಶಿಬಿರಕ್ಕೆ ಬರದಿದ್ದರೆ ಆಶ್ಚರ್ಯ ಏನಿದೆ?

ಹಾಗಂತ ಆಟವನ್ನೇ ಬಿಡಬೇಕಾಗಿಲ್ಲ, ಹಾಡು ಅಂದರೆ ಎಲ್ಲರಿಗೂ ಇಷ್ಟವೇ. ಎರಡು ಚೆಂಡು ಬಿಡಿ, ಒಂದು ಈ ದಿಕ್ಕಿಗೆ, ಇನ್ನೊಂದು ಆ ದಿಕ್ಕಿಗೆ. ಹಾಡು ನಿಂತಾಗ ಚೆಂಡು ಹಿಡಿದಿರುವ ಇಬ್ಬರು ಮಧ್ಯಕ್ಕೆ ಬಂದು ತಮ್ಮಿಬ್ಬರಲ್ಲೂ ಇರುವ ಒಂದು ಸಂಗತಿಯನ್ನು ಹುಡುಕಿ ಹೇಳಬೇಕು. ಇಬ್ಬರಿಗೂ ಹಾಗಲಕಾಯಿ ಆಗಲ್ಲ, ಇಬ್ಬರೂ ಮನೆಯಲ್ಲಿ ಕಿರಿಯವರು, ಇಬ್ಬರೂ ಬಸ್ಸಲ್ಲಿ ವಾಂತಿ ಮಾಡಿಕೊಳ್ಳುವವರು, ಯಾವುದಾದರೂ ಸರಿ. ಹೇಳಿ ಮತ್ತೆ ವೃತ್ತಕ್ಕೆ ವಾಪಸ್. ಯಾರೂ ಔಟ್ ಇಲ್ಲ. ಮೊಬೈಲ್‌ಗಳನ್ನು ಮೊದಲೇ ಒಂದು ಬಕೆಟ್‌ನಲ್ಲಿ ಹಾಕಿಸಿಬಿಡಿ. ಹೀಗೆ ಬದಲಾಯಿಸಿದರೆ ಇದು ಎರಡನೇ ಆಟವಾಗಿ ಚೆನ್ನಾಗಿ ಕೂರುತ್ತದೆ.

ಪ್ರಶ್ನೆ ಬರೆದ ಚೆಂಡು

ಗಾಳಿ ತುಂಬುವ ದೊಡ್ಡ ಪ್ಲಾಸ್ಟಿಕ್ ಚೆಂಡಿನ ಮೇಲೆ ಮಾರ್ಕರ್‌ನಲ್ಲಿ ಇಪ್ಪತ್ತು ಪ್ರಶ್ನೆ ಬರೆಯಿರಿ. ಹಿಡಿದವರ ಬಲಗೈ ಹೆಬ್ಬೆರಳ ಹತ್ತಿರ ಯಾವ ಪ್ರಶ್ನೆ ಇದೆಯೋ ಅದಕ್ಕೆ ಉತ್ತರ ಹೇಳಬೇಕು. ಮಳೆ ಬಂದು ಹಾಲ್ ಒಳಗೆ ಸಿಕ್ಕಿಕೊಂಡಾಗ, ಇಲ್ಲವೇ ಮಧ್ಯಾಹ್ನದ ಊಟ ಆಗಿ ಯಾರಿಗೂ ಓಡುವ ಮನಸ್ಸಿಲ್ಲದಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಒಂದು ಸಲಕ್ಕೆ ಒಬ್ಬರೇ ಮಾತಾಡುವುದರಿಂದ ಎಂಟು ಜನರಿಗಿಂತ ದೊಡ್ಡ ಗುಂಪಿಗೆ ಬೇಸರ ಬರುತ್ತದೆ. ಹೆಸರಿನ ಆಟಕ್ಕೆ ಹೋಲಿಸಿದರೆ ಇಲ್ಲಿ ಚೆಂಡು ಕಡಿಮೆ ಸಲ ಬರುತ್ತದೆ, ಕಣ್ಣುಗಳು ಜಾಸ್ತಿ ಹೊತ್ತು ನೆಟ್ಟಿರುತ್ತವೆ. ಅದಕ್ಕೇ ಮೊದಲ ಆಟವಾಗಿ ಬೇಡ.

ಪ್ರಶ್ನೆ ಆರಿಸುವುದರಲ್ಲಿ ಹುಷಾರಾಗಿರಬೇಕು. "ನಿಮ್ಮ ತಂದೆ ಏನು ಮಾಡ್ತಾರೆ", "ಪಿಯುಸಿಯಲ್ಲಿ ಎಷ್ಟು ಪರ್ಸೆಂಟ್", "ನಿಮ್ಮ ಮನೆದೇವರು ಯಾವುದು" ಇವೆಲ್ಲ ಕೇಳುವುದಕ್ಕೆ ಸಾದಾ ಪ್ರಶ್ನೆಗಳು. ಆದರೆ ಒಂದರಲ್ಲಿ ಮನೆಯ ದುಡ್ಡಿನ ಸ್ಥಿತಿ ಹೊರಗೆ ಬರುತ್ತದೆ, ಇನ್ನೊಂದರಲ್ಲಿ ಮಾರ್ಕ್ಸು, ಮತ್ತೊಂದರಲ್ಲಿ ಜಾತಿ. ತಂದೆ ಇಲ್ಲದ ಹುಡುಗನ ಹೆಬ್ಬೆರಳ ಕೆಳಗೆ ಮೊದಲ ಪ್ರಶ್ನೆ ಬಂತು ಅಂತಿಟ್ಟುಕೊಳ್ಳಿ. ಅದರ ಬದಲು ಹೀಗೆ ಕೇಳಿ: ನಿಮ್ಮೂರಿಗೆ ಬಂದರೆ ನಾವು ಏನು ತಿನ್ನಲೇಬೇಕು? ಬಸ್ಸಿನಲ್ಲಿ ಯಾವ ಸೀಟಿಗೆ ಜಗಳ ಆಡ್ತೀರಿ? ಬೆಳಿಗ್ಗೆ ಎದ್ದ ತಕ್ಷಣ ಯಾರಾದರೂ ಮಾತಾಡಿಸಿದರೆ ಸಿಟ್ಟು ಬರುತ್ತಾ? ನಿಮಗೆ ಬರುವ, ಯಾವ ಉಪಯೋಗಕ್ಕೂ ಬರದ ಒಂದು ವಿದ್ಯೆ ಯಾವುದು? ಬೇಡ ಅನ್ನಿಸಿದರೆ "ಪಾಸ್" ಅನ್ನಬಹುದು ಅಂತ ನಿಯಮ ಇರಲಿ. ಅಂದ ಹಾಗೆ ಮಾರ್ಕರ್ ಪರ್ಮನೆಂಟ್ ಆಗಿರಬೇಕು. ವೈಟ್‌ಬೋರ್ಡ್ ಮಾರ್ಕರ್‌ನಲ್ಲಿ ಬರೆದರೆ ಐದು ನಿಮಿಷಕ್ಕೆ ಪ್ರಶ್ನೆಗಳು ಎಲ್ಲರ ಅಂಗೈಗೆ ಇಳಿದಿರುತ್ತವೆ.

ನೆಲ ಮುಟ್ಟದ ಚೆಂಡು

ಅದೇ ಗಾಳಿ ಚೆಂಡನ್ನು ಮೇಲಕ್ಕೆ ತಟ್ಟುತ್ತಾ ಇರಬೇಕು, ನೆಲಕ್ಕೆ ಬೀಳಬಾರದು. ಒಬ್ಬರೇ ಸತತವಾಗಿ ಎರಡು ಸಲ ತಟ್ಟುವಂತಿಲ್ಲ. ತಟ್ಟಿದ ಲೆಕ್ಕವನ್ನು ಎಲ್ಲರೂ ಒಟ್ಟಿಗೆ ಜೋರಾಗಿ ಎಣಿಸಬೇಕು. ಬಿದ್ದರೆ ಮತ್ತೆ ಒಂದರಿಂದ. ಇಲ್ಲಿ ಎದುರಾಳಿಯೇ ಇಲ್ಲ, ಸೋತರೂ ಎಲ್ಲರೂ ಒಟ್ಟಿಗೆ ಸೋಲುತ್ತಾರೆ. ಮೂವತ್ತೆಂಟಕ್ಕೆ ಬಂದು ಬಿದ್ದಾಗ ಇಡೀ ಗುಂಪು ಒಂದೇ ದನಿಯಲ್ಲಿ "ಅಯ್ಯೋ" ಅನ್ನುತ್ತದೆ. ಸ್ವಲ್ಪ ಹೊತ್ತಿನ ಹಿಂದೆ ಆ ಗೋಡೆ ಈ ಗೋಡೆ ಹಿಡಿದು ನಿಂತಿದ್ದವರೇ ಇವರು.

ಎತ್ತರದ ಇಬ್ಬರು ಹುಡುಗರು ಮಧ್ಯಕ್ಕೆ ಬಂದು ಎಲ್ಲ ಚೆಂಡನ್ನೂ ತಾವೇ ತಟ್ಟುವುದು ಇದರ ತೊಂದರೆ. ಎಲ್ಲರೂ ಒಂದೊಂದು ಸಲ ತಟ್ಟುವ ತನಕ ಯಾರಿಗೂ ಎರಡನೇ ಸರದಿ ಇಲ್ಲ ಅಂದುಬಿಡಿ. ಆಗ ಅವರೇ "ನೀನಿನ್ನೂ ಹೊಡೆದಿಲ್ಲ, ಬಾ ಬಾ" ಅಂತ ಹಿಂದೆ ನಿಂತವರನ್ನು ಕರೆಯುತ್ತಾರೆ. ವಾಲಿಬಾಲ್‌ನಲ್ಲಿ ಇದನ್ನು ಆಡಿಸಬೇಡಿ. ವಾಲಿಬಾಲ್ 260ರಿಂದ 280 ಗ್ರಾಂ ತೂಗುತ್ತದೆ, ಅಭ್ಯಾಸ ಇಲ್ಲದವರ ಬೆರಳು ಉಳುಕುತ್ತದೆ, ಕನ್ನಡಕ ಒಡೆಯುತ್ತದೆ. ಹಾಗೇ ಗಾಳಿ ಚೆಂಡನ್ನು ಬಯಲಲ್ಲಿ ಆಡಿಸಲು ಹೋದರೆ, ಅದರಲ್ಲೂ ಕಡಲ ಕಡೆ, ಚೆಂಡಿನ ಹಿಂದೆ ಓಡುವುದೇ ಆಟವಾಗುತ್ತದೆ. ಹಾಲ್‌ನಲ್ಲಿ ಆಡಿಸುವುದಾದರೆ ಮೊದಲು ಫ್ಯಾನ್ ಆಫ್ ಮಾಡಿ. ಸೆಕೆ ಅಂತ ಯಾರೋ ಮತ್ತೆ ಹಾಕದಂತೆ ಸ್ವಿಚ್ ಹತ್ತಿರ ಒಬ್ಬರನ್ನು ನಿಲ್ಲಿಸಿದರೂ ತಪ್ಪಿಲ್ಲ.

ಸಾಲಿನ ಆಟಗಳು

ತಲೆಯ ಮೇಲಿಂದ ಹಿಂದಕ್ಕೆ, ಕಾಲ ಸಂದಿಯಿಂದ ಹಿಂದಕ್ಕೆ ಅಂತ ಚೆಂಡು ದಾಟಿಸುವ ರಿಲೇ ಆಟಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ನೂರು ಜನ ಇದ್ದರೂ ನಡೆಯುತ್ತದೆ, ನಿಯಮ ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಆದರೆ ಮುಂದಿನವರ ಬೆನ್ನು ಬಿಟ್ಟರೆ ಬೇರೇನೂ ಕಾಣಿಸುವುದಿಲ್ಲ. ಹೆಸರೂ ಇಲ್ಲ, ಮಾತೂ ಇಲ್ಲ. ಬಗ್ಗಿ ಕಾಲ ಸಂದಿಯಿಂದ ಕೊಡುವುದು ಚೂಡಿದಾರ್, ಸೀರೆ ಉಟ್ಟವರಿಗೆ ಕಷ್ಟ, ಹುಡುಗ ಹುಡುಗಿಯರು ಒಂದೇ ಸಾಲಲ್ಲಿದ್ದರೆ ಇನ್ನೂ ಕಷ್ಟ. ಎಡಕ್ಕೆ ಬಲಕ್ಕೆ ತಿರುಗಿ ಕೈಯಿಂದ ಕೈಗೆ ಕೊಡಿಸಿ, ಸಾಕು. ಇಬ್ಬರ ಬೆನ್ನಿನ ಮಧ್ಯೆ, ಹಣೆಯ ಮಧ್ಯೆ ಚೆಂಡು ಇಟ್ಟುಕೊಂಡು ಓಡುವ ಆಟವನ್ನು ಮೊದಲ ದಿನ ಪೂರ್ತಿ ಮರೆತುಬಿಡಿ. ಮೈ ತಗುಲುವ ಆಟಕ್ಕೆ ಒಲ್ಲೆ ಅನ್ನುವುದು ಎಲ್ಲರ ಎದುರು ಸುಲಭ ಅಲ್ಲ.

ಲಗೋರಿ, ಡಾಜ್‌ಬಾಲ್, ಥ್ರೋಬಾಲ್

ಮೈ ಬೆವರಬೇಕು, ಕೂಗಾಟ ಬೇಕು ಅನ್ನುವ ವಯಸ್ಸು ಅದು. ಮೂರರಲ್ಲಿ ಯಾವುದು?

ಡಾಜ್‌ಬಾಲ್ ನನ್ನ ಪಟ್ಟಿಯಲ್ಲಿ ಇಲ್ಲ. ಪೆಟ್ಟು ತಿಂದವರು ಹೊರಗೆ, ಓಡಲಾಗದವರು ಎಲ್ಲರಿಗಿಂತ ಮೊದಲು ಹೊರಗೆ. ಅಮೆರಿಕದ ಕನೆಕ್ಟಿಕಟ್‌ನ ದೈಹಿಕ ಶಿಕ್ಷಣದ ಪ್ರಾಧ್ಯಾಪಕ ನೀಲ್ ವಿಲಿಯಮ್ಸ್ 1992ರಲ್ಲಿ ಶಾಲೆಗಳಲ್ಲಿ ಆಡಿಸಲೇಬಾರದ ಆಟಗಳ ಒಂದು 'ನಾಚಿಕೆಯ ಪಟ್ಟಿ'ಯನ್ನೇ ಮಾಡಿದರು. ಡಾಜ್‌ಬಾಲ್ ಅದರಲ್ಲಿತ್ತು. ಮಕ್ಕಳನ್ನು ಆಟದಿಂದ ಹೊರಗೆ ಹಾಕುವುದು, ಎಲ್ಲರೆದುರು ಅವಮಾನ ಮಾಡುವುದು, ಪೆಟ್ಟಾಗುವುದು, ಇವೆಲ್ಲ ಅವರ ದೂರು. ಪಳಗಿದ ಗೆಳೆಯರು ಆಡಿಕೊಂಡರೆ ಅದು ಬೇರೆ ಮಾತು. ಪರಿಚಯ ಇಲ್ಲದವರ ಮೊದಲ ಭೇಟಿಗೆ ಚೆಂಡಿನಿಂದ ಹೊಡೆಯುವ ಆಟ ಯಾಕೆ?

ಥ್ರೋಬಾಲ್ ನಮ್ಮ ಹೆಣ್ಣುಮಕ್ಕಳಿಗೆ ಶಾಲೆಯಿಂದಲೇ ಗೊತ್ತಿರುವ ಆಟ. ಎರಡೂ ಕೈಯಲ್ಲಿ ಹಿಡಿದು 3 ಸೆಕೆಂಡಿನೊಳಗೆ ಎಸೆಯಬೇಕು. ಹಿಡಿದು ಎಸೆಯುವ ಆಟವಾದ್ದರಿಂದ ವಾಲಿಬಾಲ್‌ಗಿಂತ ಹೊಸಬರಿಗೆ ಸಲೀಸು. ಆದರೆ ಒಂದು ಕಡೆಗೆ ಏಳೇ ಜನ, ಉಳಿದವರು ಬದಿಯಲ್ಲಿ. ಶಾಲಾ ಟೀಮಿನಲ್ಲಿ ಆಡಿದ ಇಬ್ಬರು ಇದ್ದರೆ ಆಟ ಅವರದೇ. ಶಿಬಿರದ ಮೂರನೇ ದಿನ ಪಂದ್ಯ ಇಟ್ಟರೆ ಚೆನ್ನ.

ಇನ್ನು ಲಗೋರಿ. ಒಂದರ ಮೇಲೊಂದು ಏಳು ಬಿಲ್ಲೆ ಜೋಡಿಸಿ, ಗೆರೆಯ ಹಿಂದಿನಿಂದ ಚೆಂಡೆಸೆದು ಬೀಳಿಸಿ, ಎದುರು ಟೀಮ್ ಚೆಂಡಿನಿಂದ ಹೊಡೆಯುವುದರೊಳಗೆ ಮತ್ತೆ ಜೋಡಿಸಿ "ಲಗೋರಿ" ಅಂತ ಕೂಗಬೇಕು. ಇಲ್ಲೂ ಹೊಡೆತ ಇದೆ ಅಲ್ವಾ, ಡಾಜ್‌ಬಾಲ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ವ್ಯತ್ಯಾಸ ಇರುವುದು ಕೆಲಸದ ಹಂಚಿಕೆಯಲ್ಲಿ. ಗುರಿ ಇರುವವರು ಬೀಳಿಸುತ್ತಾರೆ. ಜೋರಾಗಿ ಓಡುವವರು ಚೆಂಡನ್ನು ತಮ್ಮ ಕಡೆ ಎಳೆದುಕೊಂಡು ಎದುರಾಳಿಗಳನ್ನು ದೂರ ಒಯ್ಯುತ್ತಾರೆ. ಆ ಸಂದಿನಲ್ಲಿ ಸುಮ್ನೆ ನಿಂತಿದ್ದವರು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದವರು, ಕುಕ್ಕರಗಾಲಲ್ಲಿ ಕೂತು ಒಂದೊಂದೇ ಬಿಲ್ಲೆ ಇಟ್ಟು ಆಟ ಗೆಲ್ಲಿಸುತ್ತಾರೆ. ದೊಡ್ಡ ಬಿಲ್ಲೆ ಕೆಳಗೆ, ಚಿಕ್ಕದು ಮೇಲೆ, ಕೈ ನಡುಗಿದರೆ ಎಲ್ಲ ಕುಸಿಯುತ್ತದೆ. ಎಸೆಯಲು ಬಾರದವರಿಗೂ ಗೆಲ್ಲಿಸುವ ಅವಕಾಶ ಇರುವ ಚೆಂಡಾಟ ಇದನ್ನು ಬಿಟ್ಟು ನನಗೆ ಸದ್ಯಕ್ಕೆ ನೆನಪಾಗುತ್ತಿಲ್ಲ.

ಲಗೋರಿಯ ಇನ್ನೊಂದು ಗುಣ ಆಟ ಶುರುವಾಗುವ ಮೊದಲೇ ಕಾಣುತ್ತದೆ. ಎಲ್ಲರಿಗೂ ಲಗೋರಿ ಗೊತ್ತು, ಆದರೆ ಊರಿಗೊಂದು ನಿಯಮ. ಚೆಂಡು ಒಂದು ಪುಟ ಬಿದ್ದ ಮೇಲೆ ಕ್ಯಾಚ್ ಹಿಡಿದರೆ ಔಟೋ ಅಲ್ಲವೋ, ಚೆಂಡು ಹಿಡಿದು ಓಡಬಹುದೋ ನಿಂತಲ್ಲೇ ಎಸೆಯಬೇಕೋ, ಎಷ್ಟು ಛಾನ್ಸು. ಈ ಗಲಾಟೆ ಬೇಗ ಮುಗಿಸಬೇಡಿ. "ನಮ್ಮೂರಲ್ಲಿ ಹಂಗಲ್ಲ" ಅಂತ ಒಬ್ಬರು ಶುರು ಮಾಡಿದರೆ ಇನ್ನೊಬ್ಬರು "ನಮ್ ಕಡಿ ಹಿಂಗ ಆಡ್ತೀವಿ ನೋಡ್ರಿ" ಅಂತ ಬಿಲ್ಲೆ ಹಿಡಿದು ತೋರಿಸುತ್ತಾರೆ. ಐದು ನಿಮಿಷ ಜಗಳ ಆಡಲಿ. ಆಡಿಸುವವರು ತೀರ್ಪು ಕೊಡದೆ, ಎಲ್ಲರೂ ಒಪ್ಪುವ ನಿಯಮವನ್ನು ಅವರೇ ಮಾಡಿಕೊಳ್ಳಲಿ.

ಎರಡು ತಿದ್ದುಪಡಿ ಮಾತ್ರ ನಿಮ್ಮ ಕಡೆಯಿಂದ ಇರಲಿ. ಹೊಡೆತ ಸೊಂಟದ ಕೆಳಗೇ. ಪೆಟ್ಟು ತಿಂದವರು ಔಟ್ ಆಗುವ ಬದಲು ಗೆರೆಯಾಚೆ ಹೋಗಿ ಹತ್ತು ಎಣಿಸಿ ವಾಪಸ್ ಬರಲಿ. ಬೇಕಿದ್ದರೆ ಮೂರನೆಯದು: ಟೀಮಿನವರಿಗೆ ಚೆಂಡು ಕೊಡುವ ಮೊದಲು ಅವರ ಹೆಸರು ಕೂಗಲೇಬೇಕು. ಬೆಳಿಗ್ಗೆ ಹೆಸರಿನ ವೃತ್ತ ಆಡಿಸಿದ್ದರೆ ಸಂಜೆ ಈ ನಿಯಮ ತಾನಾಗೇ ನಡೆಯುತ್ತದೆ. ಬೆಳಿಗ್ಗೆಯೇ ಲಗೋರಿ ಆಡಿಸಿದರೆ "ಏ ಹಳದಿ ಶರ್ಟು!" ಅಂತಲೇ ಕೂಗುತ್ತಿರುತ್ತಾರೆ. ಏಪ್ರಿಲ್, ಮೇ ಶಿಬಿರವಾದರೆ ಹೇಗೂ ಓಡುವ ಆಟಗಳನ್ನು ಬಿಸಿಲು ಇಳಿದ ಮೇಲೇ ಇಡಬೇಕು.

ಟೀಮ್ ಮಾಡುವುದು ಹೇಗೆ

ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನೇ ಆರಿಸಿಕೊಳ್ಳುವ ಪದ್ಧತಿಯಲ್ಲಿ ಕೊನೆಗೆ ಉಳಿಯುವವರು ಯಾರು ಅಂತ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ, ಅವರಿಗೂ ಗೊತ್ತಿರುತ್ತದೆ. ನಮ್ಮ ಮಕ್ಕಳ ಹಳೇ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ. ಇಬ್ಬಿಬ್ಬರು ಜೋಡಿಯಾಗಿ ದೂರ ಹೋಗಿ ಗುಟ್ಟಾಗಿ ಒಂದೊಂದು ಹೆಸರು ಇಟ್ಟುಕೊಂಡು ಬರುತ್ತಾರೆ. "ಮಲ್ಲಿಗೆ ಬೇಕಾ, ಸಂಪಿಗೆ ಬೇಕಾ?" ಕ್ಯಾಪ್ಟನ್ ಒಂದನ್ನು ಕೇಳುತ್ತಾರೆ, ಇನ್ನೊಬ್ಬರು ಆ ಕಡೆ. ಯಾರು ಬರುತ್ತಾರೆ ಅಂತ ಕ್ಯಾಪ್ಟನ್‌ಗೂ ಗೊತ್ತಿಲ್ಲ, ಆದ್ದರಿಂದ ಯಾರೂ ಬೇಡವಾದವರಲ್ಲ. ಇದರಲ್ಲಿ ಇನ್ನೊಂದು ಒಳಗುಟ್ಟಿದೆ. ಜೋಡಿಯಾಗಿ ಹೋಗುವವರು ಸಾಮಾನ್ಯವಾಗಿ ಮೊದಲೇ ಗೆಳೆಯರು. ಹಾಗಾಗಿ ಒಂದೇ ಊರಿನ ಇಬ್ಬರು ಬೇರೆ ಬೇರೆ ಟೀಮಿಗೆ ಹೋಗುತ್ತಾರೆ. ನೀವು ಬಾಯಿಬಿಟ್ಟು ಹೇಳದೆಯೇ ಗುಂಪುಗಾರಿಕೆ ಮುರಿಯಿತು.

ಎಲ್ಲರೂ ಓಡುವವರಲ್ಲ

ಗಾಲಿಕುರ್ಚಿಯಲ್ಲಿರುವವರು, ಕಣ್ಣು ಕಾಣದವರು, ಕಾಲಿಗೆ ಪಟ್ಟಿ ಹಾಕಿಕೊಂಡು ಬಂದವರು ಗುಂಪಿನಲ್ಲಿದ್ದರೆ "ನೀವು ಸ್ಕೋರ್ ಬರೀರಿ" ಅನ್ನುವುದು ನಮ್ಮಲ್ಲಿ ರೂಢಿ. ಅದಕ್ಕಿಂತ ಆಟವನ್ನೇ ಸ್ವಲ್ಪ ಬದಲಾಯಿಸಿ. ಅಂಧರ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಸದ್ದು ಮಾಡುವ ಗುಂಡುಗಳಿರುತ್ತವೆ, ಬೌಲಿಂಗ್ ಕೈ ಕೆಳಗಿನಿಂದ ಮಾಡುತ್ತಾರೆ. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ನಡೆಯಿತು, ಕನ್ನಡಿಗ ಶೇಖರ್ ನಾಯ್ಕ್ ನಾಯಕತ್ವದಲ್ಲಿ ಭಾರತ ಗೆದ್ದಿತು. ಆ ಉಪಾಯವನ್ನೇ ಎರವಲು ತನ್ನಿ. ಎಲ್ಲರೂ ನೆಲದ ಮೇಲೆ ಇಲ್ಲವೇ ಕುರ್ಚಿ ಮೇಲೆ ವೃತ್ತದಲ್ಲಿ ಕೂರಲಿ, ಗೆಜ್ಜೆ ಕಟ್ಟಿದ ಚೆಂಡನ್ನು ಹೆಸರು ಕೂಗಿ ಉರುಳಿಸಲಿ. ಕರೆದವರಿಗೆ "ಇಲ್ಲಿ" ಅಂತ ದನಿ ಕೊಡಬೇಕು, ಆ ದನಿಯ ಕಡೆಗೆ ಚೆಂಡು ಹೋಗಬೇಕು. ಎರಡನೇ ಸುತ್ತಿಗೆ ಎಲ್ಲರೂ ಕಣ್ಣು ಮುಚ್ಚಿಕೊಂಡು ಆಡಿ ನೋಡಲಿ, ಕಣ್ಣು ಕಾಣದ ಗೆಳೆಯರು ಎಲ್ಲರಿಗಿಂತ ಚೆನ್ನಾಗಿ ಆಡುತ್ತಿರುತ್ತಾರೆ.

ನಿಮ್ಮ ಗುಂಪಿಗೆ ಯಾವುದು

ಹತ್ತು ಹನ್ನೆರಡು ಜನ, ಯಾರಿಗೆ ಯಾರೂ ಗೊತ್ತಿಲ್ಲ: ಹೆಸರಿನ ವೃತ್ತ, ಅದು ನಾಲ್ಕು ಚೆಂಡಿನ ತನಕ ಬೆಳೆಯಲಿ, ಆಮೇಲೆ ಎರಡು ಗುಂಪಾಗಿ ಕೂತು ಪ್ರಶ್ನೆ ಚೆಂಡು. ಮುಕ್ಕಾಲು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ.

ನಲವತ್ತು ಐವತ್ತು ಜನರ ಶಿಬಿರ, ಅರ್ಧ ಜನ ಮೊದಲೇ ಪರಿಚಯ: ಇದು ನಿಜಕ್ಕೂ ಕಷ್ಟದ ಗುಂಪು. ಗೊತ್ತಿರುವವರು ಗೊತ್ತಿರುವವರಿಗೇ ಚೆಂಡು ಎಸೆಯುತ್ತಾರೆ. ಇಲ್ಲಿ ಹೆಸರಿನ ವೃತ್ತಕ್ಕಿಂತ ಮೊದಲು ಮಲ್ಲಿಗೆ ಸಂಪಿಗೆ ಮಾಡಿ ಗುಂಪು ಒಡೆಯಿರಿ. ಮತ್ತೆ ಮತ್ತೆ ಒಡೆದರೆ ಹತ್ತು ಹನ್ನೆರಡು ಜನರ ನಾಲ್ಕು ಗುಂಪಾಗುತ್ತದೆ. ಪ್ರತಿ ವೃತ್ತದಲ್ಲೂ ಸರದಿ ಗಟ್ಟಿ ಮಾಡುವಾಗ "ಇವತ್ತಿನ ತನಕ ಮಾತಾಡಿಸಿಲ್ಲದವರಿಗೇ ಎಸೆಯಬೇಕು" ಅನ್ನಿ. ಮಧ್ಯಾಹ್ನ ಹಾಡಿನ ಚೆಂಡು, ಸಂಜೆ ಲಗೋರಿ.

ಕಾಲೇಜಿನ ಮೊದಲ ದಿನ, ಆಡಿಟೋರಿಯಂನಲ್ಲಿ ನೂರೈವತ್ತು ಜನ, ಕುರ್ಚಿ ಸರಿಸುವಂತಿಲ್ಲ: ವೃತ್ತದ ಆಟ ಯಾವುದೂ ಬೇಡ. ಸಾಲು ಸಾಲಾಗಿ ಗಾಳಿ ಚೆಂಡು ಬಿಡಿ, ಹಿಂದಿನ ಸಾಲಿಗೆ ತಲುಪುವ ತನಕ ನೆಲ ಮುಟ್ಟಬಾರದು ಅನ್ನಿ. ಪರಿಚಯ ಆಗುವುದಿಲ್ಲ, ಆದರೆ ಬಿಗಿ ಸಡಿಲವಾಗುತ್ತದೆ. ನಿಜವಾದ ಪರಿಚಯದ ಆಟವನ್ನು ಲ್ಯಾಬ್ ಬ್ಯಾಚ್ ಆದ ಮೇಲೆ ಇಟ್ಟುಕೊಳ್ಳಿ.

ಹನ್ನೆರಡು ವರ್ಷದವರಿಂದ ಇಪ್ಪತ್ತೆರಡರ ತನಕ ಬೆರೆತ ಊರಿನ ಯುವಕ ಸಂಘ: ನೆಲ ಮುಟ್ಟದ ಚೆಂಡು. ವಯಸ್ಸಿನ ಅಂತರ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಈ ಗುಂಪಿನಲ್ಲಿ ಚಿಕ್ಕವರು ದೊಡ್ಡವರನ್ನು ಬರೀ ಹೆಸರಿಂದ ಕರೆಯಬೇಕಾದ ಆಟ ಬೇಡ. "ಅಣ್ಣ", "ಅಕ್ಕ" ಸೇರಿಸಿಯೇ ಕೂಗಲಿ, ಇಲ್ಲದಿದ್ದರೆ ಚಿಕ್ಕವರು ಬಾಯಿಯನ್ನೇ ಬಿಡುವುದಿಲ್ಲ.

ಯಾವ ಚೆಂಡು

ಟೆನಿಸ್ ಬಾಲ್ ಎಲ್ಲ ಕಡೆ ಸಿಗುತ್ತದೆ, 60 ಗ್ರಾಂ ಒಳಗೇ ಇರುತ್ತದೆ, ಲಗೋರಿಗೆ ಅದೇ ಸರಿ. ಆದರೆ ಹೆಸರಿನ ವೃತ್ತಕ್ಕೆ ಸರಿ ಹೋಗುವುದಿಲ್ಲ. ಕ್ಯಾಚ್ ಬಿಟ್ಟರೆ ಪುಟಿದು ಚರಂಡಿ ತನಕ ಹೋಗುತ್ತದೆ, ಬಿಟ್ಟವರು ಎಲ್ಲರೂ ನೋಡುತ್ತಿರುವಾಗ ತರಲು ಓಡಬೇಕು. ಅಲ್ಲಿ ಪುಟಿಯದ ಚೆಂಡು ಬೇಕು, ಅದನ್ನು ಅಂಗಡಿಯಿಂದ ತರಬೇಕಾಗಿಲ್ಲ. ಹಳೇ ಕಾಲುಚೀಲದೊಳಗೆ ಬಟ್ಟೆ ಚೂರು ಬಿಗಿಯಾಗಿ ತುಂಬಿ, ಬಾಯಿ ತಿರುಚಿ ಮತ್ತೆ ಅದರ ಮೇಲೇ ಮಗುಚಿ. ಹಳೇ ಸೈಕಲ್ ಟ್ಯೂಬನ್ನು ಬಳೆಯ ಹಾಗೆ ಅಡ್ಡಡ್ಡ ಕತ್ತರಿಸಿದರೆ ರಬ್ಬರ್ ಉಂಗುರಗಳಾಗುತ್ತವೆ, ಎಂಟ್ಹತ್ತು ಉಂಗುರಗಳನ್ನು ಎಲ್ಲ ದಿಕ್ಕಿಗೂ ಹಾಕಿ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಕೇಳಿದರೆ ಸುಮ್ನೆ ಕೊಡುತ್ತಾರೆ. ಮುಖಕ್ಕೆ ಬಿದ್ದರೂ ನೋಯುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಉಂಗುರ ಜಾಸ್ತಿ ಸುತ್ತಿದರೆ ಪುಟಿಯಲು ಶುರುವಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಬೇರೆ ಬೇರೆ ಬಣ್ಣದ ಕಾಲುಚೀಲದಲ್ಲಿ ನಾಲ್ಕು ಮಾಡಿಟ್ಟುಕೊಂಡರೆ ಯಾವ ಚೆಂಡು ಎಲ್ಲಿದೆ ಅಂತ ಆಡಿಸುವವರಿಗೆ ಗೊತ್ತಾಗುತ್ತದೆ. ಗುಂಪಿನಲ್ಲಿ ಯಾರಾದರೂ ಉತ್ಸಾಹಿ ಕಾರ್ಕ್ ಬಾಲ್ ತಂದಿದ್ದರೆ ಅದನ್ನು ಅವರ ಬ್ಯಾಗಿನಲ್ಲೇ ಇಡಿಸಿ.